ಡಬ್ಬಿಯ ಎಡಗಡೆ

ಜೂನ್ ೩

ಚಿನಕುರುಳಿ,

ನೀನು ಕಳಿಸಿದ ಎರಡು ಜಪಾನಿ ಊಟದ ಡಬ್ಬಿಗಳೂ ಒಂದು ಗೀರೂ ಬೀಳದೆ ಬಂದು ಮುಟ್ಟಿದವು. ಅಂಚೆಯವನು ಪೊಟ್ಟಣವನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಏನಮ್ಮಾ, ಒಳಗೆ ಏನೂ ಇಲ್ವಲ್ಲ!" ಅಂದ. "ಇನ್ಮೇಲೆ ಇರತ್ತೆ ಬಿಡಪ್ಪಾ" ಅಂದೆ.

ಕರಿ ಡಬ್ಬಿ ಇವರಿಗೆ, ಕಂದು ಬಣ್ಣದ್ದು ನನಗೆ. ಒಳಗಿನ ಮೂರೂ ಖಾನೆಗಳನ್ನು ಸ್ಕೇಲಿಟ್ಟು ಅಳೆದೆ, ನಗಬೇಡ. ಪುಸ್ತಕದ ಬೈಂಡಿಂಗ್ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯಿತು ನೋಡು, ಏನು ಕಂಡರೂ ಅಳೆಯುವ ಚಟ ಅಂಟಿಕೊಂಡಿದೆ. ಬಲಗಡೆ ಚಮಚ ಸಿಕ್ಕಿಸುವ ಜಾಗ, ಅದರ ಪಕ್ಕದಲ್ಲಿ ಅನ್ನದ ದೊಡ್ಡ ಖಾನೆ, ನಡುವೆ ಸಪೂರದ್ದೊಂದು, ಎಡಗಡೆ ಚೌಕದ್ದೊಂದು. ಯಾರು ಮಾಡಿದರೋ, ಕೈ ಮುಗಿಯಬೇಕು.

ನಾನು ಕೆಲಸಕ್ಕೆ ಹೊರಟ ಮೇಲೆ ಇವರ ಮಧ್ಯಾಹ್ನದ ಊಟ ಗೋದಾಮಿನ ಕ್ಯಾಂಟೀನಿನಿಂದ ಮೇಲಕ್ಕೆ ತರಿಸಿಕೊಂಡದ್ದೇ ಆಗಿತ್ತು. ಅದು ಎಣ್ಣೆಯಲ್ಲಿ ಈಜುವ ಊಟ. ಇವರ ರಕ್ತದೊತ್ತಡಕ್ಕೆ ಅದು ವಿಷ ಎಂದು ಡಾಕ್ಟರು ಹೇಳಿ ವರ್ಷವಾಯಿತು. ಈಗ ಬೆಳಿಗ್ಗೆ ಐದೂವರೆಗೆ ಎದ್ದು ಎರಡು ಡಬ್ಬಿ ಕಟ್ಟುತ್ತೇನೆ. ಡಬ್ಬಿಯ ಜೊತೆ ನೀನಿಟ್ಟ ಪುಸ್ತಿಕೆಯಲ್ಲಿದ್ದ ಹಾಗೆ ಕ್ಯಾರೆಟ್ಟನ್ನು ಹೂವಿನಂತೆ ಕತ್ತರಿಸಿ, ಅನ್ನದ ಮೇಲೆ ಎಳ್ಳು ಉದುರಿಸಿ ಕೊಟ್ಟರೆ ಮೊದಲ ದಿನ ಮುಚ್ಚಳ ತೆಗೆದು ನೋಡಿದವರು, "ಏನೇ ಇದು, ಗೊಂಬೆಗಳಿಗೆ ಊಟಾನಾ?" ಅಂದರು. ಆದರೂ ತೆಗೆದುಕೊಂಡು ಹೋದರು. ನಿನ್ನ ಭಾವನಿಗೆ ಬೇಡ ಅನ್ನುವುದಕ್ಕೂ ಸೋಮಾರಿತನ. ಇವರು ಓಡಿಸುವ ಕ್ರೇನಿನ ಗೂಡು ಇರುವುದು ಗೋದಾಮಿನ ಸೂರಿನ ಹತ್ತಿರ. ನಲವತ್ತೆಂಟು ಮೆಟ್ಟಿಲಿನ ಏಣಿ ಇಳಿದು ಮತ್ತೆ ಹತ್ತುವುದು ಯಾರಿಗೆ ಬೇಕು ಎಂದು ಇಪ್ಪತ್ತೆರಡು ವರ್ಷದಿಂದ ಅಲ್ಲೇ ಒಬ್ಬರೇ ಕೂತು ತಿನ್ನುತ್ತಾರೆ.

ಹೋದ ತಿಂಗಳು ಒಂದು ದಿನ ತಲೆನೋವು ಎಂದು ಮಲಗಿದವರು ಮಾರನೇ ದಿನ ಸಂಜೆವರೆಗೂ ಏಳಲಿಲ್ಲ. ಈಗ ಹುಷಾರಾಗಿದ್ದಾರೆ. ಸ್ವಲ್ಪ ಮಂಕು, ಸ್ವಲ್ಪ ಸಿಡುಕು, ಅಷ್ಟೇ.

ಫೋನಿನಲ್ಲಿ ಇದನ್ನೆಲ್ಲ ಹೇಳಲು ಇವರು ಪಕ್ಕದಲ್ಲೇ ಕೂತಿರುತ್ತಾರೆ. ನಿನ್ನ ಕಡೆಯೂ ಹಾಸ್ಟೆಲಿನ ಆರು ಜನ ಕಿವಿ ನಿಮಿರಿಸಿಕೊಂಡಿರುತ್ತಾರೆ. ಪತ್ರವೇ ವಾಸಿ. ನೀನು ಕಚೇರಿಗಳಿಗೆ ಕಳಿಸುವ ನಾನೂರು ಡಬ್ಬಿಗೆ ದಿನಾ ಬೇಯಿಸುವ ಮುಖ್ಯ ಅಡುಗೆಯವಳು, ನಿನ್ನನ್ನು ಬಿಟ್ಟು ಯಾರನ್ನು ಕೇಳಲಿ? ಮಧ್ಯಾಹ್ನದ ಹೊತ್ತಿಗೆ ನನ್ನ ಅನ್ನ ಬೆವರಿ ಮುದ್ದೆಯಾಗುತ್ತದೆ. ಏನು ಮಾಡಬೇಕು, ಬರೆ.

ನಿನ್ನ ಅಕ್ಕ

ಜೂನ್ ೧೪

ಅಕ್ಕ,

ಅನ್ನ ಬೆವರುವುದಿಲ್ಲ, ನೀನು ಬೆವರಿಸುತ್ತೀಯ. ಬಿಸಿ ಇರುವಾಗ ಮುಚ್ಚಳ ಹಾಕಬೇಡ. ತಟ್ಟೆಯಲ್ಲಿ ಹರಡಿ, ಬೀಸಣಿಗೆಯಿಂದ ಗಾಳಿ ಹಾಕಿ, ಕೈಗೆ ತಣ್ಣಗಾದ ಮೇಲೆ ತುಂಬು. ಮೊದಲು ಅನ್ನ, ಆಮೇಲೆ ಭಾರದ್ದು, ಕೊನೆಗೆ ಹಗುರದ್ದು. ಎಲ್ಲೂ ಸಂದು ಬಿಡಬೇಡ. ಸಂದಿದ್ದರೆ ಭಾವ ಏಣಿ ಹತ್ತುವಾಗ ಮೊಟ್ಟೆ ಮೀನಿನ ಮನೆಗೆ ನೆಂಟರಾಗಿ ಹೋಗುತ್ತದೆ. ಈ ಡಬ್ಬಿಯೂಟ, ಅಂದರೆ ಬೆಂಟೊ, ಜಪಾನಿನವರಿಗೆ ಬರೀ ಊಟವಲ್ಲ ಅಕ್ಕ, ಮುಚ್ಚಳ ತೆಗೆದ ಕೂಡಲೇ "ನಿನ್ನನ್ನು ನೆನೆದು ಕಟ್ಟಿದ್ದೇನೆ" ಎಂದು ಹೇಳುವ ಒಂದು ಚೀಟಿ ಇದ್ದ ಹಾಗೆ.

ಇಲ್ಲಿ ಎಲ್ಲ ಚೆನ್ನಾಗಿದೆ. ನಮ್ಮ ಅಡುಗೆಮನೆಯಲ್ಲಿ ನಾನು ಹೇಳಿದ್ದೇ ಮಾತು. ಬೆರಳುಗಳು ಮಾತ್ರ ಸದಾ ನೀರಿನಲ್ಲಿದ್ದು ಸುಕ್ಕಾಗಿವೆ, ತರಕಾರಿ ತೊಳೆದೂ ತೊಳೆದೂ.

ಭಾವ ಹೊಗಳದಿದ್ದರೆ ಬೇಜಾರು ಮಾಡಿಕೊಳ್ಳಬೇಡ. ಖಾಲಿ ಡಬ್ಬಿಗಿಂತ ದೊಡ್ಡ ಹೊಗಳಿಕೆ ಇಲ್ಲ.

ಚಿನಕುರುಳಿ

ಜೂನ್ ೨೭

ಚಿನಕುರುಳಿ,

ಖಾಲಿ ಡಬ್ಬಿ ಅಂದೆಯಲ್ಲ, ಕೇಳು ಹಾಗಾದರೆ. ಹದಿನೈದು ದಿನದಿಂದ ಇವರ ಡಬ್ಬಿ ಒಂದು ದಿನವೂ ಖಾಲಿಯಾಗಿ ಬಂದಿಲ್ಲ. ಅನ್ನ ಮುಗಿದಿರುತ್ತದೆ, ನಡುವಿನ ಖಾನೆಯ ಮೀನು ಮುಗಿದಿರುತ್ತದೆ. ಪಕ್ಕದ ಚೌಕದಲ್ಲಿದ್ದ ಹುರುಳಿಕಾಯಿ ಮಾತ್ರ ಇಟ್ಟ ಹಾಗೇ ವಾಪಸ್. ಬಟಾಣಿ ಹಾಕಿದೆ, ಬಟಾಣಿ ವಾಪಸ್. ಕ್ಯಾರೆಟ್ ಹೂವು ಹಾಕಿದೆ, ಹೂವೂ ವಾಪಸ್. ಹುರುಳಿಕಾಯಿಯ ನಾರು ತೆಗೆದು, ಒಂದೇ ಅಳತೆಗೆ ಕತ್ತರಿಸಿ, ಎಳ್ಳು ಹುರಿದು ಅರೆದು ಸವರಲು ನನಗೆ ಇಪ್ಪತ್ತು ನಿಮಿಷ ಬೇಕು.

ಮೊನ್ನೆ ತಡೆಯಲಾರದೆ ಕೇಳಿದೆ. "ರೀ, ತರಕಾರಿ ಇಷ್ಟ ಇಲ್ಲ ಅಂದ್ರೆ ಬಾಯಿ ಬಿಟ್ಟು ಹೇಳ್ಬಾರದಾ?"

"ಎಲ್ಲಾ ತಿಂದೆನಲ್ಲೇ."

ಡಬ್ಬಿಯನ್ನು ತೆಗೆದು ಎದುರಿಗಿಟ್ಟೆ. ಬಗ್ಗಿ ನೋಡಿದರು. "ಖಾಲಿ ಇದೆಯಲ್ಲ! ಇನ್ನೇನು, ಡಬ್ಬೀನೂ ತಿನ್ಲಾ?" ಅಂದರು. ನನ್ನ ಕಣ್ಣೆದುರಿಗೇ, ನನ್ನ ಹುರುಳಿಕಾಯಿಯ ಎದುರಿಗೇ!

ನನಗೆ ಗೊತ್ತು ಇದು ಏನೆಂದು. ನಾನು ಕೆಲಸಕ್ಕೆ ಹೊರಟಾಗ, "ಈ ವಯಸ್ಸಿಗೆ ಯಾಕೆ ಬೇಕಿತ್ತು?" ಅಂದಿದ್ದರು. ಆಗ ಜಗಳ ಆಡಲಿಲ್ಲ, ಈಗ ಡಬ್ಬಿಯಲ್ಲಿ ಆಡುತ್ತಿದ್ದಾರೆ. ತಮ್ಮ ಬಗ್ಗೆಯೂ ಗಮನವಿಲ್ಲ. ಗಡ್ಡ ಹೆರೆದುಕೊಂಡರೆ ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ಕುರುಚಲು. ಹೇಳಿದರೆ ರೇಗುತ್ತಾರೆ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಬಾಗಿಲಿಗೇ ಬೈಯುತ್ತಾರೆ.

ನಾನೂ ಬಿಡುವವಳಲ್ಲ. ಅವರು ತಿನ್ನುವವರೆಗೂ ಆ ಚೌಕ ತುಂಬಿಯೇ ಕಳಿಸುತ್ತೇನೆ.

ಅಕ್ಕ

ಜುಲೈ ೮

ಅಕ್ಕ,

ಗಂಡಸರ ಮುನಿಸು ಬಾಯಿಯಲ್ಲಿ ಇರುವುದಿಲ್ಲ, ತಟ್ಟೆಯಲ್ಲಿರುತ್ತದೆ. ನಮ್ಮಪ್ಪ ಅಮ್ಮನ ಮೇಲೆ ಸಿಟ್ಟು ಬಂದಾಗ ಮೊಸರು ಮುಟ್ಟುತ್ತಿರಲಿಲ್ಲ, ನೆನಪಿದೆಯಾ? ಭಾವನದೂ ಅದೇ ಜಾತಿಯ ಕೋಪ. ನೀನು ಎದುರಿಗೆ ನಿಂತು ಜಗಳಕ್ಕೆ ಹೋಗಬೇಡ.

ಒಂದು ಕೆಲಸ ಮಾಡು. ಅವರಿಗೆ ಜೀವಕ್ಕಿಂತ ಇಷ್ಟವಾದದ್ದು ಸಿಹಿ ಮೊಟ್ಟೆಯ ಸುರುಳಿ ಅಂದಿದ್ದೆಯಲ್ಲ, ಅದನ್ನು ಆ ಚೌಕದಲ್ಲಿಡು. ಹುರುಳಿಕಾಯಿ ನಡುವಿನ ಖಾನೆಗೆ ಹೋಗಲಿ. ಮೊಟ್ಟೆಯನ್ನು ಬಿಡುವಷ್ಟು ಮುನಿಸು ಯಾವ ಗಂಡಸಿಗೂ ಇಲ್ಲ. ಏನು ಹೋಯಿತು, ಏನು ವಾಪಸ್ ಬಂತು ಎಂದು ದಿನಾ ಒಂದು ಚಿತ್ರ ಬರೆದು ಕಳಿಸು. ಇಲ್ಲಿ ಬೇಸರ ಬಂದಾಗ ನೋಡಿ ನಗುತ್ತೇನೆ.

ಚಿನಕುರುಳಿ

ಜುಲೈ ೧೯

ಚಿನಕುರುಳಿ,

ಕೆಳಗೆ ಐದು ದಿನದ ಚಿತ್ರ ಇದೆ, ನಗು ಬಂದರೆ ನಗು. ಮೊಟ್ಟೆ ಐದೂ ದಿನ ವಾಪಸ್ ಬಂದಿದೆ. ಹುರುಳಿಕಾಯಿಯನ್ನು ಬಳಿದು ತಿಂದಿದ್ದಾರೆ. ಅದರ ಮೇಲೆ ಐದನೇ ದಿನ ಸಂಜೆ ಚಪ್ಪಲಿ ಬಿಡುತ್ತಾ, "ಯಾಕೆ, ಮೊಟ್ಟೆ ಹಾಕೋದು ಬಿಟ್ಟೇಬಿಟ್ಯಾ?" ಎಂದು ಕೇಳಿದರು. ಮುಖದಲ್ಲಿ ಒಂದಿಷ್ಟೂ ನಗುವಿಲ್ಲ, ಅಷ್ಟು ಚೆನ್ನಾಗಿ ನಟಿಸುತ್ತಾರೆ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಗೋದಾಮಿನಲ್ಲೂ ಹೀಗೇ ಆಗಿದ್ದಾರಂತೆ. ಹೋದ ವಾರ ಇವರು ಎತ್ತಿದ ತಗಡಿನ ಕಟ್ಟು ಪಕ್ಕದ ರಾಶಿಗೆ ಸವರಿಕೊಂಡು ಹೋಯಿತಂತೆ. "ಕೆಳಗಿದ್ದವನು ಸರಿಯಾಗಿ ಕೈ ತೋರಿಸ್ಲಿಲ್ಲ" ಅನ್ನುತ್ತಾರೆ. ತಪ್ಪು ಯಾವತ್ತೂ ಬೇರೆಯವರದೇ.

ಸೋಮವಾರದಿಂದ ಒಂದೇ ಡಬ್ಬಿ ಕಟ್ಟುತ್ತೇನೆ, ನನ್ನದು. ನೀನು ಫೋನ್ ಮಾಡಿ ಸಮಾಧಾನ ಹೇಳಬೇಡ.

ಅಕ್ಕ

ಜುಲೈ ೨೫
(ತುರ್ತು ಅಂಚೆ)

ಅಕ್ಕ,

ನಿನ್ನೆ ಫೋನಿನಲ್ಲಿ ನಾನು ಹೇಳಿದ್ದನ್ನು ನೀನು ನಂಬಲಿಲ್ಲ. "ಅಡುಗೆ ಮಾಡೋಳಿಗೆ ಡಾಕ್ಟರಿಕೆ ಯಾಕೆ?" ಎಂದು ಇಟ್ಟುಬಿಟ್ಟೆ. ಆದ್ದರಿಂದ ಇದನ್ನು ಬರೆಯಲೇಬೇಕು. ಕೂತು ಓದು.

ನಾನು ಅಡುಗೆಯವಳಲ್ಲ. ಒಂದು ದಿನವೂ ಆಗಿರಲಿಲ್ಲ. ಅಡುಗೆಮನೆಯ ಹಿಂದೆ ಒಂದು ಕೋಣೆ ಇದೆ, ಅದರಲ್ಲಿ ನಾಲ್ಕು ತೊಟ್ಟಿಗಳಿವೆ. ಕಚೇರಿಗಳಿಂದ ವಾಪಸ್ ಬಂದ ನಾನೂರು ಡಬ್ಬಿಗಳನ್ನು ಅಲ್ಲಿ ತೊಳೆಯುತ್ತೇನೆ. ಮೂರು ವರ್ಷದಿಂದ ಅದೇ ಕೆಲಸ. ಅಡುಗೆಯವಳಾಗಿಯೇ ತೀರುತ್ತೇನೆಂದು ಜಗಳವಾಡಿ ಬಂದವಳಿಗೆ ಮೊದಲ ಪತ್ರದಲ್ಲಿ ನಿಜ ಬರೆಯಲು ನಾಚಿಕೆಯಾಯಿತು. ಆಮೇಲೆ ನೀನು ನೆಂಟರಿಗೆಲ್ಲ ಹೇಳಿಕೊಂಡು ಬಂದೆ. ನಿನಗೆ ಬರೆದ ಅಡುಗೆಯೆಲ್ಲ ಬಾಗಿಲಿನ ಗಾಜಿನಿಂದ ನೋಡಿ ಕಲಿತದ್ದು.

ಆದರೆ ಉಳಿದ ಊಟವನ್ನು ನನ್ನಷ್ಟು ನೋಡಿದವರು ಇಲ್ಲಿ ಯಾರೂ ಇಲ್ಲ. ಮುನಿಸಿಕೊಂಡವರು ಕೆದಕಿ ಬಿಡುತ್ತಾರೆ. ಹಲ್ಲುನೋವಿನವರು ಕಚ್ಚಿ ಬಿಡುತ್ತಾರೆ. ಅವಸರದವರು ಅನ್ನ ಬಿಟ್ಟು ಮೀನು ತಿಂದಿರುತ್ತಾರೆ. ಗೆರೆ ಎಳೆದ ಹಾಗೆ ಒಂದು ಪಕ್ಕ ಬಳಿದು ತಿಂದು, ಇನ್ನೊಂದು ಪಕ್ಕಕ್ಕೆ ಚಮಚವನ್ನೂ ಸೋಕಿಸದೆ ಬಿಟ್ಟ ಡಬ್ಬಿಯನ್ನು ನಾನು ನೋಡಿದ್ದು ಒಬ್ಬರದೇ. ನ್ಯಾಯಾಲಯದ ಟೈಪಿಸ್ಟ್ ಹೆಂಗಸಿನದು ಎಂದು ಡಬ್ಬಿಯ ಚೀಟಿಯಲ್ಲಿತ್ತು. ಒಂದು ತಿಂಗಳು ಹಾಗೇ ಬಂತು. ಮೇಲ್ವಿಚಾರಕನಿಗೆ ಹೇಳಿದೆ. "ನೀನು ತೊಳೆಯೋಳು, ತೊಳಿ" ಅಂದ. ಸುಮ್ಮನಾದೆ. ಆಮೇಲೆ ಆ ಡಬ್ಬಿ ಬರುವುದೇ ನಿಂತಿತು. ರಸ್ತೆ ದಾಟುವಾಗ ಎಡಗಡೆಯಿಂದ ಬಂದ ಗಾಡಿಯನ್ನು ಆಕೆ ನೋಡಲಿಲ್ಲವಂತೆ. ಮೂಳೆ ಕೂಡಿಸಿದ ಆಸ್ಪತ್ರೆಯಲ್ಲೇ ಗೊತ್ತಾಯಿತಂತೆ, ಕಣ್ಣಿಗೆ ಏನೂ ಆಗಿರಲಿಲ್ಲ, ಮಿದುಳಿನ ಬಲಭಾಗದಲ್ಲಿ ರಕ್ತ ಹರಿಯುವುದು ನಿಂತಿತ್ತು. ಎಡಗಡೆ ಅನ್ನುವುದೇ ಆಕೆಯ ಪಾಲಿಗೆ ಇರಲಿಲ್ಲ. ಇಲ್ಲ ಅನ್ನುವುದೂ ಆಕೆಗೆ ಗೊತ್ತಿರಲಿಲ್ಲ. ಡಬ್ಬಿ ಹಂಚುವವನು ಇದನ್ನು ಹೇಳಿದ ದಿನ ನಾನು ಊಟ ಮಾಡಲಿಲ್ಲ.

ನಿನ್ನ ಐದು ಚಿತ್ರಗಳನ್ನು ನಗಲೆಂದು ತೆರೆದೆ ಅಕ್ಕ. ತಿನ್ನುವ ವಸ್ತು ಬದಲಾಗಿದೆ, ಊಟ ಉಳಿಯುವ ಜಾಗ ಬದಲಾಗಿಲ್ಲ. ಎಡ ಖಾನೆ, ಎಡ ಖಾನೆ, ಎಡ ಖಾನೆ. ಕುರುಚಲು ಉಳಿದ ಕೆನ್ನೆ ಯಾವುದು? ಬಾಗಿಲಿಗೆ ತಾಗುವ ಭುಜ ಯಾವುದು? ತಗಡು ಸವರಿದ ರಾಶಿ ಯಾವ ಪಕ್ಕದಲ್ಲಿತ್ತು?

ಡಬ್ಬಿ ಕಟ್ಟು. ಮನೆಯಲ್ಲೇ ಎದುರಿಗೆ ಕೂರಿಸಿ ತಿನ್ನಿಸು. "ಮುಗೀತು" ಅಂದ ಮೇಲೆ ಡಬ್ಬಿಯನ್ನು ತಿರುಗಿಸಿ ಇಡು. ಅದಾದ ಮೇಲೂ ನಾನು ಹೇಳಿದ್ದು ಸುಳ್ಳು ಅನ್ನಿಸಿದರೆ ನನ್ನ ಮುಖ ನೋಡಬೇಡ. ಆದರೆ ನಿಜವಾಗಿದ್ದರೆ ಅವರನ್ನು ಏಣಿ ಹತ್ತಲು ಬಿಡಬೇಡ. ಆ ಸಲ ನಾನು ಮೆಲ್ಲಗೆ ಹೇಳಿ ಸುಮ್ಮನಾದೆ. ಈ ಸಲ ಆಗುವುದಿಲ್ಲ.

ತಂಗಿ

ಆಗಸ್ಟ್ ೨

ಚಿನಕುರುಳಿ,

ಎಡ ಕೆನ್ನೆ. ಎಡ ಭುಜ. ಎಡಗಡೆಯ ರಾಶಿ. ನಿನ್ನ ಪತ್ರ ಓದಿದವಳು ಒಲೆಯ ಮೇಲಿಟ್ಟ ಹಾಲನ್ನು ಮರೆತೆ.

ಭಾನುವಾರ ಮಧ್ಯಾಹ್ನ ಮೇಜಿನ ಮೇಲೆ ಎರಡೂ ಡಬ್ಬಿ ಇಟ್ಟೆ. "ಮನೇಲೂ ಡಬ್ಬಿಯಾ?" ಎಂದು ಗೊಣಗಿಕೊಂಡೇ ತಿಂದರು. ಅನ್ನ, ನಡುವಿನ ಮೀನು. ಚಮಚ ಇಟ್ಟರು. "ಮುಗೀತು." ನಾನು ಡಬ್ಬಿಯನ್ನು ಅರ್ಧ ಸುತ್ತು ತಿರುಗಿಸಿದೆ. ಮೊಟ್ಟೆಯ ಸುರುಳಿ ಅವರ ಬಲಗಡೆಗೆ ಬಂತು.

"ಅರೆ! ಇದೆಲ್ಲಿಂದ ಬಂತು? ಈಗ ಹಾಕಿದ್ಯಾ?"

ನಮ್ಮ ಬೈಂಡಿಂಗ್ ಕೋಣೆಯಲ್ಲಿ ಹಾಳೆಯನ್ನು ಮಡಿಸುವ ಮೊದಲು ನಡುವನ್ನು ಕಣ್ಣಿನಲ್ಲೇ ಗುರುತು ಮಾಡುತ್ತೇವೆ. ಒಂದು ಉದ್ದದ ಕಾಗದದ ಪಟ್ಟಿ ಕೊಟ್ಟು, "ಇದರ ನಡು ಎಲ್ಲಿದೆ, ಗೆರೆ ಹಾಕಿ" ಅಂದೆ. ಇಪ್ಪತ್ತೆರಡು ವರ್ಷ ತಗಡನ್ನು ಕೂದಲೆಳೆಯ ಅಳತೆಗೆ ಇಳಿಸಿದ ಮನುಷ್ಯ, ಬಲತುದಿಯಿಂದ ನಾಲ್ಕು ಬೆರಳು ದೂರದಲ್ಲಿ ಗೆರೆ ಹಾಕಿ, "ಇನ್ನೇನು ಪರೀಕ್ಷೆ ಇದೆ?" ಅಂದರು.

ಹೇಳಿದೆ. ಕೇಳಲಿಲ್ಲ. "ನಿನ್ನ ತಂಗಿ ಅಷ್ಟು ದೂರದಲ್ಲಿ ಕೂತು ನನ್ನ ತಲೆ ಒಳಗೆ ನೋಡಿದ್ಲಾ? ನನಗೇನಾಗಿದೆ? ಎರಡು ಕಣ್ಣೂ ನೆಟ್ಟಗಿದೆ!" ಎಂದು ಹೊರಗೆ ಹೋದರು. ಹೋಗುವಾಗ ಚೌಕಟ್ಟಿಗೆ ಭುಜ ತಾಗಿತು.

ಸೋಮವಾರ ನಾನು ಏಳುವ ಮೊದಲೇ ಹೊರಟುಹೋಗಿದ್ದರು. ನಾನು ರಜೆ ಹೇಳಿ ನೇರ ಗೋದಾಮಿಗೆ ಹೋದೆ. ಇಷ್ಟು ವರ್ಷದಲ್ಲಿ ಒಳಗೆ ಕಾಲಿಟ್ಟದ್ದು ಅದೇ ಮೊದಲು. ತಲೆ ಎತ್ತಿ ನೋಡಿದರೆ ಸೂರಿನ ಹತ್ತಿರ ಒಂದು ಗಾಜಿನ ಗೂಡು, ಅದರಲ್ಲಿ ಇವರ ತಲೆ ಒಂದು ಗುಂಡಿಯಷ್ಟು. ಕೊಕ್ಕೆಯಲ್ಲಿ ತಗಡಿನ ಕಟ್ಟು ತೂಗುತ್ತಾ ಬರುತ್ತಿತ್ತು. ಅದರ ಎಡಗಡೆಯ ಹಳದಿ ಪಟ್ಟೆಯ ದಾರಿಯಲ್ಲಿ ನಾಲ್ಕು ಜನ ಹರಟುತ್ತಾ ನಡೆಯುತ್ತಿದ್ದರು.

ವ್ಯವಸ್ಥಾಪಕರ ಕೋಣೆಯಲ್ಲಿ ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. "ನಾನು ಕ್ರೇನಿನವರ ಹೆಂಡತಿ. ಅವರಿಗೆ ಎಡಗಡೆ ಕಾಣಿಸ್ತಿಲ್ಲ. ಈಗಲೇ ನಿಲ್ಲಿಸಿ, ಆಮೇಲೆ ನನ್ನನ್ನ ಎಷ್ಟು ಬೇಕಾದ್ರೂ ಪ್ರಶ್ನೆ ಕೇಳಿ" ಅಂದೆ. ಅವರು ಒಳ್ಳೆಯವರು, ಪ್ರಶ್ನೆ ಕೇಳದೆ ಸೈರನ್ ಒತ್ತಿದರು. ಕೆಲಸವೆಲ್ಲ ನಿಂತಿತು. ಅಷ್ಟು ಜನರೂ ಮೇಲೆ ನೋಡುತ್ತಿರುವಾಗ ಇವರು ನಲವತ್ತೆಂಟು ಮೆಟ್ಟಿಲನ್ನೂ ಒಂದೊಂದಾಗಿ ಇಳಿದು ಬಂದರು. ನನ್ನನ್ನು ನೋಡಿದರು.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿದರು. ಮಿದುಳಿನ ಬಲಗಡೆ ಚಿಕ್ಕದೊಂದು ಆಘಾತ, ಆಗಿ ಎರಡು ತಿಂಗಳ ಮೇಲಾಗಿದೆ. ಆ ತಲೆನೋವಿನ ದಿನವೇ. ಮತ್ತೊಂದು ಆಗದಂತೆ ಮಾತ್ರೆ ಕೊಟ್ಟಿದ್ದಾರೆ. ಬದುಕಿದ್ದಾರೆ, ನಡೆಯುತ್ತಾರೆ. ನನ್ನ ಜೊತೆ ಮಾತ್ರ ಮಾತಿಲ್ಲ.

ನಿನ್ನ ಸುಳ್ಳಿಗೆ ಬೈಯಲು ಈಗ ನನಗೆ ಪುರುಸೊತ್ತಿಲ್ಲ.

ಅಕ್ಕ

ಆಗಸ್ಟ್ ೨೧

ಅಕ್ಕ,

ಹದಿನೈದು ದಿನದಿಂದ ನಿನ್ನ ಪತ್ರವಿಲ್ಲ. ಫೋನ್ ಮಾಡಿದರೆ "ಆಮೇಲೆ ಮಾತಾಡ್ತೀನಿ" ಎಂದು ಇಡುತ್ತೀಯ. ಪುರುಸೊತ್ತು ಸಿಕ್ಕಿ ಈಗ ಬೈಯುತ್ತಿರಬೇಕು, ಸುಮ್ಮನಿರುವುದೇ ನಿನ್ನ ಬೈಗುಳ ಎಂದು ನನಗೆ ಗೊತ್ತು. ಎಂಜಲು ತೊಳೆಯುವವಳು ನಿನ್ನ ತಂಗಿ ಎಂದು ಯಾರಿಗೆ ಹೇಳುತ್ತೀಯ? ಹೇಳಬೇಡ ಬಿಡು. ಭಾವ ಹೇಗಿದ್ದಾರೆ ಎಂದು ಒಂದೇ ಒಂದು ಸಾಲು ಬರೆ.

ತಂಗಿ

ಸೆಪ್ಟೆಂಬರ್ ೯

ಅಕ್ಕ,

ನೀನು ಬರೆಯದಿದ್ದರೂ ನಾನು ಬರೆಯುವುದು ಬಿಡುವುದಿಲ್ಲ. ನಿನ್ನೆ ಮುಖ್ಯ ಅಡುಗೆಯವರ ಎದುರಿಗೆ ಹೋಗಿ ನಿಂತೆ. ಅವರು ಸುಮ್ಮನೆ ನೋಡಿದರೂ ಬೆನ್ನು ನೆಟ್ಟಗಾಗುತ್ತದೆ, ಅಂಥ ಹೆಂಗಸು. "ನನಗೆ ಒಲೆ ಕೊಡಿ" ಅಂದೆ. "ಯಾಕೆ?" ಅಂದರು. "ಮೂರು ವರ್ಷ ಸುಳ್ಳು ಹೇಳಿದೀನಿ, ಅದನ್ನ ನಿಜ ಮಾಡ್ಬೇಕು" ಅಂದೆ. ಅವರಿಗೆ ಏನು ಅರ್ಥವಾಯಿತೋ. ಮುಂದಿನ ತಿಂಗಳು ಒಂದು ಪರೀಕ್ಷೆ ಇಡುತ್ತಾರಂತೆ.

ನೀನು ಹೇಗಿದ್ದೀಯ?

ತಂಗಿ

ಸೆಪ್ಟೆಂಬರ್ ೨೫

ನನ್ನ ಪೆದ್ದಿ,

ನಿನ್ನ ಮೇಲೆ ನನಗೆ ನಾಚಿಕೆಯಾ? ನೀನು ತೊಳೆಯುವವಳಲ್ಲದೆ ಬೇಯಿಸುವವಳಾಗಿದ್ದರೆ ಇವತ್ತು ಆ ಗೋದಾಮಿನಲ್ಲಿ ನಾಲ್ಕು ಮನೆಯವರು ಅಳುತ್ತಿದ್ದರು. ಪತ್ರ ಬರೆಯದಿದ್ದದ್ದು ಬೇರೆ ಕಾರಣಕ್ಕೆ. ಬರೆಯಲು ಒಳ್ಳೆಯ ಸುದ್ದಿ ಒಂದೂ ಇರಲಿಲ್ಲ, ಕೆಟ್ಟದ್ದನ್ನು ಬರೆದರೆ ನೀನು ಕೆಲಸ ಬಿಟ್ಟು ಓಡಿಬರುತ್ತೀಯ ಎಂದು ಹೆದರಿದೆ.

ಇವರು ನನ್ನ ಕೈಯಡುಗೆ ಬಿಟ್ಟಿದ್ದರು. ಆ ಸೋಮವಾರದಿಂದ ಅಂಗಡಿಯ ಬನ್ನು, ಬಾಳೆಹಣ್ಣು, ಹಾಲು, ಅಷ್ಟೇ. ಕೆಲಸಕ್ಕೆ ರಜೆ, ಇಡೀ ದಿನ ಕಿಟಕಿಯ ಹತ್ತಿರ ಕೂತಿರುತ್ತಿದ್ದರು. ನಾನು ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಎರಡೂ ಡಬ್ಬಿ ಕಟ್ಟಿದೆ. ಕರಿಯದನ್ನು ಮೇಜಿನ ಮೇಲಿಟ್ಟು ಕೆಲಸಕ್ಕೆ ಹೋಗುತ್ತಿದ್ದೆ. ಸಂಜೆ ಬಂದರೆ ಮುಚ್ಚಳ ತೆಗೆದಿರುತ್ತಿರಲಿಲ್ಲ. ಅದನ್ನು ನಾನೇ ತಿಂದು ತೊಳೆದು ಮತ್ತೆ ಮಾರನೇ ಬೆಳಿಗ್ಗೆ ತುಂಬುತ್ತಿದ್ದೆ. ನಲವತ್ತಕ್ಕೂ ಹೆಚ್ಚು ದಿನ. ಎರಡು ಊಟ ತಿಂದು ನನ್ನ ರವಿಕೆಗಳೆಲ್ಲ ಬಿಗಿಯಾಗಿವೆ.

ಆಸ್ಪತ್ರೆಗೆ ಮಾತ್ರ ವಾರಕ್ಕೆರಡು ಸಲ ಕರೆದುಕೊಂಡು ಹೋದೆ, ಮುಂದೆ ಅವರು, ಹಿಂದೆ ನಾನು. ಅಲ್ಲಿ ಅಭ್ಯಾಸ ಮಾಡಿಸುವ ಹುಡುಗಿ ಬಲು ಗಟ್ಟಿಗಿತ್ತಿ. ಓದುವ ಪುಟದ, ಉಣ್ಣುವ ತಟ್ಟೆಯ ಎಡ ಅಂಚಿಗೆಲ್ಲ ಕೆಂಪು ಪಟ್ಟಿ ಅಂಟಿಸಬೇಕು, ಕಣ್ಣಿಗೆ ಕೆಂಪು ಸಿಗುವವರೆಗೂ ತಲೆ ತಿರುಗಿಸಿ ಹುಡುಕಬೇಕು ಅಂದಳು. ಬೈಂಡಿಂಗ್ ಬಟ್ಟೆಯ ಕೆಂಪು ಚೂರೊಂದನ್ನು ಕರಿ ಡಬ್ಬಿಯ ಎಡ ಅಂಚಿಗೆ ಅಂಟಿಸಿದೆ. ಇವರು ಅದನ್ನೂ ನೋಡಲಿಲ್ಲ.

ಕಳೆದ ವಾರ ಆ ಹುಡುಗಿ ಒಂದು ಹಾಳೆ ಕೊಟ್ಟು, "ಗಡಿಯಾರ ಬರೀರಿ" ಅಂದಳು. ಬರೆದರು. ಮಡಿಸಿ ಜೇಬಿಗಿಟ್ಟುಕೊಂಡರು. ಮನೆಗೆ ಬಂದು ಕಿಟಕಿಯ ಹತ್ತಿರ ಕೂತು ಅದನ್ನು ಬಿಚ್ಚಿ, ಹಿಡಿದು, ತಿರುಗಿಸಿ ಬಹಳ ಹೊತ್ತು ನೋಡಿದರು. ಹನ್ನೆರಡೂ ಅಂಕಿಗಳು ಬಲಗಡೆಯಲ್ಲೇ ಒಂದರ ಮೇಲೊಂದು ಬಿದ್ದಿದ್ದವು. ಎಡಗಡೆ ಖಾಲಿ.

"ಇದನ್ನ ನಾನೇ ಬರೆದ್ನಾ?" ಅಂದರು. ನಲವತ್ತು ದಿನಕ್ಕಿಂತ ಹೆಚ್ಚಾಗಿತ್ತು ನನ್ನ ಜೊತೆ ಮಾತಾಡಿ.

"ಹೂಂ."

"ಅವತ್ತು ಕೆಳಗೆ ಯಾರ್ಯಾರಿದ್ರು?"

"ನಾಲ್ಕು ಜನ. ಹೆಸರು ನನಗೆ ಗೊತ್ತಿಲ್ಲ."

"ನನಗೆ ಗೊತ್ತು" ಅಂದರು. "ಊಟಕ್ಕೆ ಹೋಗೋರು ಎಲ್ಲಾ ಎಡಗಡೆ ದಾರೀಲೇ ಹೋಗೋದು. ಬೆಸುಗೆಯವನು, ಅವನ ಭಾವಮೈದ, ತೂಕದವನು... ದಿನಾ ಹೋಗ್ತಾರೆ. ಎರಡು ತಿಂಗಳು ನಾನು ಅವರನ್ನ ನೋಡೇ ಇಲ್ಲ ಕಣೇ. ಎಲ್ಲೋದ್ರು ಅಂತ ಒಂದು ದಿನಾನೂ ಅನ್ನಿಸ್ಲಿಲ್ಲ ನನಗೆ." ಆಮೇಲೆ ಆ ಹಾಳೆಯಿಂದ ಮುಖ ಮುಚ್ಚಿಕೊಂಡರು. ನಾನು ಹತ್ತಿರ ಹೋಗಿ ತಲೆಯ ಮೇಲೆ ಕೈಯಿಟ್ಟೆ. ತಳ್ಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮುಖ ಒರೆಸಿಕೊಂಡು, "ಹಸಿವಾಗ್ತಿದೆ" ಅಂದರು. ಕರಿ ಡಬ್ಬಿ ಮೇಜಿನ ಮೇಲೇ ಇತ್ತು. ಅನ್ನ ತಿಂದರು, ನಡುವಿನದು ತಿಂದರು. ಚಮಚ ಇಡಲು ಹೋದವರು ತಡೆದು, ಕತ್ತನ್ನು ಯಾರೋ ಹಿಡಿದು ಎಳೆದ ಹಾಗೆ ಮೆಲ್ಲಮೆಲ್ಲಗೆ ಎಡಕ್ಕೆ ತಿರುಗಿಸಿದರು. ನಾನು ತೋರಿಸಲಿಲ್ಲ, ಕೈ ಕಟ್ಟಿಕೊಂಡು ನಿಂತಿದ್ದೆ. ನಿನಗೆ ಹೇಳುತ್ತೇನೆ, ಅಷ್ಟು ಕಷ್ಟದ ಕೆಲಸ ನಾನು ಯಾವತ್ತೂ ಮಾಡಿಲ್ಲ. ಕೆಂಪು ಸಿಕ್ಕಿತು. ಅದರ ಒಳಗಡೆ ಹುರುಳಿಕಾಯಿ ಸಿಕ್ಕಿತು.

"ಎಳ್ಳು ಜಾಸ್ತಿಯಾಯ್ತು" ಅಂದರು.

ಪರೀಕ್ಷೆ ಮುಗಿದ ಕೂಡಲೇ ಹೇಗಾಯಿತೆಂದು ಬರೆ.

ನಿನ್ನ ಅಕ್ಕ

ಅಕ್ಟೋಬರ್ ೧೬

ಅಕ್ಕ,

ನಿನ್ನ ಪತ್ರವನ್ನು ತೊಟ್ಟಿಯ ಪಕ್ಕದಲ್ಲಿ ನಿಂತು ಓದಿದೆ. ಒದ್ದೆ ಕೈಯಲ್ಲಿ ಹಿಡಿದು ಅರ್ಧ ಶಾಯಿ ಹರಡಿಹೋಗಿದೆ, ಉಳಿದದ್ದು ಬಾಯಿಪಾಠವಾಗಿದೆ.

ಪರೀಕ್ಷೆ ಮೊಟ್ಟೆಯ ಸುರುಳಿಯದೇ. ಮೊದಲನೆಯದು ಸೀದಿತು. ಎರಡನೆಯದು ಹರಿಯಿತು. ಮುಖ್ಯ ಅಡುಗೆಯವರು ಗಡಿಯಾರ ನೋಡಿದರು. ಮೂರನೆಯದನ್ನು ಸುತ್ತುವಾಗ ನನಗೆ ಅವರೂ ಕಾಣಿಸಲಿಲ್ಲ, ಗಡಿಯಾರವೂ ಕಾಣಿಸಲಿಲ್ಲ. ಅವರು ಅದನ್ನು ಕತ್ತರಿಸಿ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಮಂಗಳವಾರ ಮಾತ್ರ ಒಲೆಗೆ ಬಾ. ಮಿಕ್ಕ ದಿನ ತೊಟ್ಟಿ" ಅಂದರು. ವಾರಕ್ಕೆ ಒಂದು ದಿನ ಅಕ್ಕ! ಇನ್ನು ಮೇಲೆ ಮಂಗಳವಾರದ ಮಟ್ಟಿಗೆ ನೀನು ನೆಂಟರಿಗೆ ಹೇಳಿದ್ದು ನಿಜ.

ಆ ಮೇಲ್ವಿಚಾರಕನಿಗೂ ಒಂದು ಮಾತು ಹೇಳಿ ಒಪ್ಪಿಸಿದ್ದೇನೆ. ವಾಪಸ್ ಬಂದ ಡಬ್ಬಿಯಲ್ಲಿ ಮೂರು ದಿನ ಒಂದೇ ಪಕ್ಕದ ಊಟ ಉಳಿದಿದ್ದರೆ ಹಂಚುವವರ ಕೈಯಲ್ಲಿ ಅವರ ಮನೆಗೆ ತಿಳಿಸಬೇಕು. ಮೊದಲು ಆಗಲ್ಲ ಅಂದ. ಆಗುವವರೆಗೂ ಅವನ ಬಾಗಿಲಲ್ಲೇ ನಿಂತಿದ್ದೆ.

ಚಿನಕುರುಳಿ

ನವೆಂಬರ್ ೨೨

ನಾದಿನಿಗೆ,

ಪತ್ರ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ತಿದ್ದಿ ಓದಿಕೋ. ನಿನ್ನ ಅಕ್ಕ ಈ ಹಾಳೆಯ ಎಡಗಡೆ ಕೆಂಪು ಗೆರೆ ಎಳೆದು ಕೊಟ್ಟಿದ್ದಾಳೆ. ಪ್ರತಿ ಸಾಲಿಗೂ ಅದನ್ನು ಹುಡುಕಿಕೊಂಡು ಹೋಗಿ ಬರೆಯುತ್ತಿದ್ದೇನೆ, ಆದ್ದರಿಂದ ನಿಧಾನ.

ಅವಳ ಮೇಲೆ ನನಗೆ ಅಷ್ಟು ದಿನ ಸಿಟ್ಟಿದ್ದದ್ದು ಕಾಯಿಲೆ ಕಂಡುಹಿಡಿದಳೆಂದಲ್ಲ. ಅಷ್ಟು ಜನ ನೋಡುವಾಗ ಏಣಿ ಇಳಿಸಿದಳೆಂದು. ನನ್ನನ್ನು ಕೇಳಿದ್ದರೆ ನಾನಾಗಿ ಇಳಿಯುತ್ತಿದ್ದೆ ಎಂದು ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಇಳಿಯುತ್ತಿರಲಿಲ್ಲ. ಇದನ್ನು ಅವಳಿಗೆ ಬಾಯಿಬಿಟ್ಟು ಹೇಳಲು ಆಗಿಲ್ಲ, ನಿನಗೆ ಬರೆಯುತ್ತಿದ್ದೇನೆ. ಹೇಗೂ ನೀನು ಅವಳಿಗೆ ಹೇಳುತ್ತೀಯ.

ಡಾಕ್ಟರು ಆರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡೋಣ, ಕ್ರೇನಿಗೆ ಪಾಸಾದರೂ ಆಗಬಹುದು ಅಂದರು. ನಾನು ಬೇಡ ಅಂದೆ. ತಟ್ಟೆಯಲ್ಲಿ ಒಂದು ತುತ್ತು ತಪ್ಪಿದರೆ ತಪ್ಪಲಿ. ಅಲ್ಲಿ ತಪ್ಪಬಾರದು. ಗೋದಾಮಿನಲ್ಲಿ ಸಲಕರಣೆ ಕೋಣೆಯ ಕೆಲಸ ಕೊಟ್ಟಿದ್ದಾರೆ, ಕೊಕ್ಕೆ, ಸರಪಳಿ ಎಲ್ಲ ನೋಡಿಕೊಳ್ಳುವುದು. ಸೇರುವ ಮೊದಲು ಒಂದು ಷರತ್ತು ಹಾಕಿದೆ. ನನ್ನ ಜಾಗಕ್ಕೆ ಬಂದವನಿಂದ ಹಿಡಿದು, ಏಣಿ ಹತ್ತುವ ಪ್ರತಿಯೊಬ್ಬನನ್ನೂ ವರ್ಷಕ್ಕೊಮ್ಮೆ ಡಾಕ್ಟರ ಹತ್ತಿರ ಕಳಿಸಬೇಕು. ವ್ಯವಸ್ಥಾಪಕರು ಯೋಚಿಸುತ್ತೇನೆ ಅಂದರು. ಕಾಗದದ ಮೇಲೆ ಬರೆದು ಕ್ರೇನಿನ ಏಣಿಗೆ ಅಂಟಿಸುವವರೆಗೂ ನಾನು ಸಹಿ ಹಾಕಲಿಲ್ಲ. ಹಟದಲ್ಲಿ ನಿಮ್ಮ ಅಕ್ಕತಂಗಿಯರದೇ ಮೇಲುಗೈ ಎಂದು ತಿಳಿಯಬೇಡ.

ನಿನ್ನೆ ಮೊದಲ ದಿನ. ಬೆಳಿಗ್ಗೆ ಅನ್ನಕ್ಕೆ ಬೀಸಣಿಗೆ ಬೀಸಿದ್ದು ನಾನು, ತುಂಬಿದ್ದು ಅವಳು. ಮಧ್ಯಾಹ್ನದ ಸೈರನ್ ಆಯಿತು. ಎಲ್ಲಿ ಕೂತು ತಿನ್ನಬೇಕು ಎಂದೇ ಗೊತ್ತಾಗಲಿಲ್ಲ. ಇಪ್ಪತ್ತೆರಡು ವರ್ಷದಿಂದ ಕೆಳಗಿನವರ ಊಟದ ಮನೆಗೆ ನಾನು ಹೋದವನೇ ಅಲ್ಲ. ಡಬ್ಬಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಬೆಸುಗೆಯವನು ಸರಿದು ಬೆಂಚಿನಲ್ಲಿ ಜಾಗ ಮಾಡಿದ. ನನ್ನ ಎಡಗಡೆ ಕೂತ, ಬೇಕೆಂದೇ ಇರಬೇಕು.

ಮುಚ್ಚಳ ತೆಗೆದೆ. ಎಂಟು ಹತ್ತು ತಲೆ ಡಬ್ಬಿಯ ಮೇಲೆ ಬಗ್ಗಿದವು. ತೂಕದವನು, "ಅಣ್ಣಾ, ಇದನ್ನ ತಿನ್ನೋದಾ, ಗೋಡೆಗೆ ಹಾಕೋದಾ?" ಅಂದ.

"ನನ್ನ ಹೆಂಡತಿ ಕಟ್ಟಿದ್ದು" ಅಂದೆ. ಅದನ್ನು ನಾನು ಯಾರ ಹತ್ತಿರವೂ ಹೇಳಿದವನಲ್ಲ. ಹೇಳಲು ಮೇಲೆ ಯಾರಿದ್ದರು?

ಬೆಸುಗೆಯವನು ಕೇಳಿದ, "ಅವತ್ತು ಬಂದು ನಿಲ್ಲಿಸಿದ್ರಲ್ಲ, ಆ ಅಕ್ಕಾನಾ?"

"ಅವಳೇ."

ಅವನು ತನ್ನ ಡಬ್ಬಿಯಿಂದ ಒಂದು ತುಂಡು ಮೀನು ತೆಗೆದು ನನ್ನ ಮುಚ್ಚಳದ ಮೇಲಿಟ್ಟು, "ಇದು ಅವರಿಗೆ, ಮನೆಗೆ ತಗೊಂಡು ಹೋಗಿ" ಅಂದ. ತೂಕದವನೂ ಏನೋ ಇಟ್ಟ. ಹಾಗೇ ಒಬ್ಬೊಬ್ಬರೂ ಇಡುತ್ತಾ ಹೋದರು. ಸಾಕು ಸಾಕು ಅಂದರೂ ಬಿಡಲಿಲ್ಲ.

ಮತ್ತೆ ಸೈರನ್ ಆಯಿತು. ಎಲ್ಲರೂ ಎದ್ದರು. ನನಗೆ ಇನ್ನೂ ಎರಡು ತುತ್ತು ಬಾಕಿ ಇತ್ತು, ನಿಧಾನವಾಗಿ ತಿಂದು ಮುಗಿಸಿಯೇ ಎದ್ದೆ. ಹೊರಗೆ ಬಂದು ಹಳದಿ ಪಟ್ಟೆಯ ದಾರಿಯ ಅಂಚಿನಲ್ಲಿ ನಿಂತು, ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೊದಲು ಎಡಕ್ಕೆ ನೋಡಿದೆ, ಆಮೇಲೆ ಬಲಕ್ಕೆ, ಆಮೇಲೆ ಮೇಲಕ್ಕೆ. ಕ್ರೇನಿನ ಹೊಸಬನು ಗಾಜಿನ ಹಿಂದಿನಿಂದ ಕೈ ಎತ್ತಿದ. ದಾಟಿದೆ.

ನಿನ್ನ ಭಾವ